ಹಂದಿಯದಲ್ಲ, ಇಲಿಯದು

ಎರಡು ವಾರದ ಹಿಂದೆ ಮುಂಬೈಯ ಬೆಳಗಿನ ಲೋಕಲ್‌ನಲ್ಲಿ ನನ್ನ ಬ್ಯಾಗಿನೊಳಗೆ ಎದುರು ಮನೆಯ ಹುಡುಗಿಯ ಮಲವಿತ್ತು.

ಮೂಗು ಮುಚ್ಚಿಕೊಳ್ಳಬೇಡಿ. ಗಟ್ಟಿ ಮುಚ್ಚಳದ ಡಬ್ಬಿ, ಮೇಲೊಂದು ಪ್ಲಾಸ್ಟಿಕ್ ಚೀಲ. ನನಗೆ ಇದೇನೂ ಹೊಸದಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಾಡಂಚಿನ ಇಲಿ, ಹೆಗ್ಗಣಗಳ ಕರುಳಿನಲ್ಲಿರುವ ಲಾಡಿಹುಳುಗಳನ್ನು ಗುರುತಿಸಿ ವಿಂಗಡಿಸುವುದು ನನ್ನ ಸಂಶೋಧನೆ. ತಲೆಯ ಮೇಲೆ ಕೊಕ್ಕೆ ಇದೆಯೇ? ಒಂದೊಂದು ತುಂಡಿನಲ್ಲಿ ವೃಷಣಗಳೆಷ್ಟು, ಹೇಗೆ ಕೂತಿವೆ? ಇದನ್ನೇ ನೋಡಿ ನೋಡಿ ಕನ್ನಡಕದ ನಂಬರ್ ಏರಿದೆ, ಕುತ್ತಿಗೆ ಹಿಡಿದಿದೆ. "ಇದರಿಂದ ಏನು ಉಪಯೋಗ?" ಎಂದು ಕೇಳುವವರಿಗೆ ಉತ್ತರ ಕೊಡುವುದನ್ನೂ ಬಿಟ್ಟಿದ್ದೇನೆ. (ಸಿಟ್ಟಲ್ಲ. ಸುಸ್ತು.)

ದಹಿಸರ್‌ನ ನಮ್ಮ ಬಿಲ್ಡಿಂಗಿನಲ್ಲಿ ಎದುರು ಫ್ಲ್ಯಾಟಿನವರು ವಿಜಯಪುರದ ಕಡೆಯವರು. ಗಂಡ, ಹೆಂಡತಿ, ಎರಡನೇ ಕ್ಲಾಸಿನ ಮಗಳು ಸಾನ್ವಿ, ಅಜ್ಜಿ ಗಂಗಮ್ಮ. ಮೊಟ್ಟೆಯ ಹೆಸರೂ ಎತ್ತುವಂತಿಲ್ಲದ ಮನೆ. ಸೊಸೆ ಶೈಲಾ ಜೋಗೇಶ್ವರಿಯ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

ಸಾನ್ವಿಯ ಹೊಟ್ಟೆನೋವು ವಾಸಿಯಾಗಲಿಲ್ಲ. ಟೆಸ್ಟ್ ಮಾಡಿಸಿದರು. ಲಾಡಿಹುಳುವಿನ ಮೊಟ್ಟೆಗಳಿವೆ ಎಂದು ರಿಪೋರ್ಟ್ ಬಂತು. ಯಾವ ಲಾಡಿಹುಳು? ಅದನ್ನು ಬರೆದಿರಲಿಲ್ಲ. ಶೈಲಾಳ ಗಂಡ ಮೊಬೈಲಿನಲ್ಲಿ ಹುಡುಕಿ, "ಹಂದಿ ಮಾಂಸದಿಂದ ಬರತೈತಂತ" ಎಂದು ಅವ್ವನ ಎದುರೇ ಓದಿಬಿಟ್ಟ.

ಓದಿದವನು ಆಮೇಲೆ ತುಟಿ ಬಿಚ್ಚಲಿಲ್ಲ. ಮಾತೆಲ್ಲ ಗಂಗಮ್ಮನದೇ. ಸೊಸೆ ಆಫೀಸಿನಲ್ಲಿ ಕಂಡಕಂಡವರ ಜೊತೆ ಕೂತು ಉಣ್ಣುತ್ತಾಳೆ, ಅಲ್ಲಿಂದಲೇ ಏನೋ ತಂದು ಮಗುವಿಗೆ ತಿನ್ನಿಸಿದ್ದಾಳೆ ಎಂದು ತೀರ್ಮಾನವಾಯಿತು. ಶೈಲಾ ಅಡುಗೆಮನೆಗೆ ಕಾಲಿಡುವಂತಿಲ್ಲ. ಸ್ವಂತ ಮಗಳಿಗೆ ಊಟ ಬಡಿಸುವಂತಿಲ್ಲ.

"ಅಕ್ಕಾರ, ನಾ ಆಕಿಗಿ ಏನ್ ತಿನ್ಸೀನ್ರಿ?" ನಮ್ಮ ಬಾಗಿಲಲ್ಲಿ ನಿಂತು ಶೈಲಾ ಕೇಳಿದಳು. "ನಮ್ಮನಿಯವರು ಒಂದ್ ಮಾತ್ ಆಡವಲ್ರು. ನೀವರ ನೋಡಿ ಹೇಳ್ರಿ."

ಹಾಗಾಗಿ ಆ ಡಬ್ಬಿ, ಆ ಲೋಕಲ್.

ಕಾಲೇಜಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಹಂದಿಯಿಂದ ಬರುವ ಲಾಡಿಹುಳುವಿನ ಮೊಟ್ಟೆಗೆ ಗೆರೆಗೆರೆಯ ದಪ್ಪ ಗೋಡೆ ಇರುತ್ತದೆ. ಇಲ್ಲಿ ಅದಿಲ್ಲ. ದುಂಡಗೆ, ಹಳದಿ ಬಣ್ಣಕ್ಕೆ ತಿರುಗಿದ ಮೊಟ್ಟೆ. ಒಳಗೆ ಆರು ಪುಟ್ಟ ಕೊಕ್ಕೆಗಳ ಭ್ರೂಣ, ಸುತ್ತ ಎಳೆಗಳಿಲ್ಲ, ಅಂದರೆ ಮನುಷ್ಯರಲ್ಲಿ ಸಾಮಾನ್ಯವಾದ ಸಣ್ಣ ಲಾಡಿಹುಳುವೂ ಅಲ್ಲ. ನನ್ನ ಇಲಿಗಳ ಹೊಟ್ಟೆಯಲ್ಲಿ ದಿನಾ ಕಾಣುವ ಗಿರಾಕಿ! ಮನುಷ್ಯರಿಗೆ ಬರುವುದು ಅಪರೂಪ.

ಸಂಜೆ ಅವರ ಮನೆಗೆ ಹೋದೆ. "ಅಮ್ಮಾ, ಇದು ಹಂದಿಯದಲ್ಲ. ಇಲಿಯ ಲಾಡಿಹುಳು."

ಗಂಗಮ್ಮ ಹೌಹಾರಿದರು. "ಇಲಿ? ನಾವೇನ್ ಇಲಿ ತಿಂತೀವೇನ್ರಿ ಬಾಯಾರ?"

ಕೂರಿಸಿ ವಿವರಿಸಿದೆ. ಇಲಿಯ ಹಿಕ್ಕೆಯಲ್ಲಿ ಈ ಮೊಟ್ಟೆ ಇರುತ್ತದೆ. ಅದನ್ನು ಕಾಳು, ಹಿಟ್ಟಿನ ನುಸಿ ತಿನ್ನುತ್ತದೆ. ಬೇಯಿಸದ ಹಿಟ್ಟಿನ ಜೊತೆ ಆ ನುಸಿ ಮಗುವಿನ ಹೊಟ್ಟೆಗೆ ಹೋದರೆ ಅಲ್ಲಿ ಹುಳು ಬೆಳೆಯುತ್ತದೆ. "ಮಗು ಹಸಿ ಹಿಟ್ಟು ಏನಾದರೂ ತಿನ್ನುತ್ತದೆಯೇ?"

ದೊಡ್ಡವರಿಗಿಂತ ಮೊದಲು ಸಾನ್ವಿಯೇ ಹೇಳಿದಳು: "ಅಜ್ಜಿ ರೋಜ್ ದೇತೀ ಹೈ ನಾ ಆಂಟಿ! ಪುಟಾಣಿ ಹಿಟ್ಟು, ಬೆಲ್ಲ. ಉಂಡಿ ಬನಾಕೆ." ಅಜ್ಜಿ ದಿನಾ ಉಂಡೆ ಕಟ್ಟಿ ಕೊಡುತ್ತಾರಂತೆ.

ಊರಿನಿಂದ ತಂದು ಅಜ್ಜಿ ಮಂಚದ ಕೆಳಗೆ ಜೋಪಾನ ಮಾಡಿದ್ದ ಡಬ್ಬ ಹೊರಗೆ ಬಂತು. ಮುಚ್ಚಳ ತೆಗೆದರೆ ಹಿಟ್ಟೇ ಹರಿದಾಡುತ್ತಿದೆ. ಅಷ್ಟು ನುಸಿ.

ಗಂಗಮ್ಮ ಒಂದು ಗಳಿಗೆ ನೋಡಿದರು. ಮುಖ ಸಣ್ಣದಾಯಿತು. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಕೊಟ್ಟದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬಾಯಿಂದ ಬಂದ ಮಾತು, "ಈ ಮುಂಬೈ ಹವಾನ ಸುಮಾರ ಐತಿ, ಯಾರ್ ಏನ್ ಮಾಡಾಕಾಗ್ತೈತಿ?" ಮಗರಾಯ ತಲೆಯಾಡಿಸಿದ. ಹವಾ, ಹೌದು ಹವಾ.

ನೋಡಿ, ಎಷ್ಟು ಸಲೀಸು! ಸೊಸೆಯ ಮೇಲೆ ಅನುಮಾನ ಇದ್ದಷ್ಟು ದಿನ ಅದು ಅಪರಾಧ. ಅತ್ತೆಯ ಡಬ್ಬ ಸಿಕ್ಕಿಬಿದ್ದ ಕೂಡಲೇ ಅದು ಹವಾಮಾನ.

ಡಾಕ್ಟರಿಗೆ ವಿಷಯ ತಿಳಿಸಿದೆವು. ಅವರು ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟರು. ಸಾನ್ವಿ ಈಗ ಆರಾಮಾಗಿದ್ದಾಳೆ, ಮೆಟ್ಟಿಲ ಮೇಲೆ ಗಲಾಟೆಯೂ ಮೊದಲಿನಂತೆಯೇ ಇದೆ.

ನಿನ್ನೆ ದಹಿಸರ್ ಸ್ಟೇಷನ್ನಿನಲ್ಲಿ ಶೈಲಾ ಸಿಕ್ಕಳು. ಇಬ್ಬರೂ ಗರ್ದಿಯಲ್ಲಿ ನಿಂತು ಬಂದು ಸೋತಿದ್ದೆವು. "ಅತ್ತೆ ಆಮೇಲೆ ಏನಂದರು?" ಎಂದು ಕೇಳಿದೆ.

"ಏನ್ ಅಂತಾರ್ರಿ ಅಕ್ಕಾರ? ಹಿಟ್ಟಿನ ಡಬ್ಬಿ ಬಿಸ್ನೀರಾಗ ತೊಳಿ ಅಂದ್ರು." ಹೆಗಲ ಬ್ಯಾಗು ಸರಿಮಾಡಿಕೊಂಡು ಹೇಳಿದಳು, "ತೊಳದ್ನಿ."

"ಗಂಡ?"

"ಒಣಗಿಸ್ಲಿಕ್ಕೆ ಬಾಲ್ಕನ್ಯಾಗ ಇಡು ಅಂದ್ರು."

'ತಪ್ಪಾಯಿತು' ಎಂಬ ಒಂದು ಮಾತು ನಮ್ಮ ಮನೆಗಳಲ್ಲಿ ಸೊಸೆಯಂದಿರ ಬಾಯಿಗೆ ಮಾತ್ರ ಯಾಕೆ ಮೀಸಲು?