ತೊಳೆದ ಬೋರ್ಡು

ಶ್ಯಾಮಲಾ ತನ್ನ ಮೀಟರನ್ನೂ ನಂಬುವವಳಲ್ಲ. ಅದಕ್ಕೇ ಎರಡು ಇಟ್ಟುಕೊಂಡಿದ್ದಾಳೆ. ಒಂದರಲ್ಲಿ ಅಳೆದದ್ದನ್ನು ಇನ್ನೊಂದರಲ್ಲಿ ಅಳೆದು, ಎರಡೂ ಒಂದೇ ಹೇಳಿದರೆ ಮಾತ್ರ ತಲೆಯಾಡಿಸುತ್ತಾಳೆ. ಎರಡೂ ಮಾತಾಡಿಕೊಂಡು ಸುಳ್ಳು ಹೇಳಿದರೆ ಏನು ಮಾಡುತ್ತೀಯ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವತ್ತಿಡೀ ನನ್ನ ಜೊತೆ ಮಾತು ಬಿಟ್ಟಿದ್ದಳು.

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಅವಳ ರಿಪೇರಿ ಅಂಗಡಿ, ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಅಷ್ಟೆ, ಹಾಗಾಗಿ ಅಲ್ಲಿನ ಮಾತು ಕೇಳಿಸಿಕೊಳ್ಳಲು ನಾನು ಕಿವಿ ಕೊಡಬೇಕಾಗಿಯೂ ಇಲ್ಲ. ಇನ್ವರ್ಟರ್, ಟೀವಿ, ಪಂಪಿನ ಸ್ಟಾರ್ಟರ್, ಒಳಗೊಂದು ಬೋರ್ಡು ಇರುವ ಯಾವ ವಸ್ತುವನ್ನಾದರೂ ಬಿಚ್ಚುತ್ತಾಳೆ. ಕೆಲಸ ಕಲಿತದ್ದು ಸಾಗರದ ಒಂದು ಅಂಗಡಿಯಲ್ಲಿ. ಅಲ್ಲಿನ ಯಜಮಾನ ಗಿರಾಕಿಗಳ ಬೋರ್ಡಿನಿಂದ ಒಳ್ಳೆಯ ಬಿಡಿಭಾಗ ಕಿತ್ತು ಹಳೆಯದನ್ನು ಕೂರಿಸುತ್ತಿದ್ದನಂತೆ. ಅದನ್ನು ಕಣ್ಣಾರೆ ಕಂಡ ಮೇಲೆ ಇವಳಿಗೆ ಲೋಕವೇ ಹಾಗೆ ಎನಿಸಿಬಿಟ್ಟಿತು. ತನ್ನ ಅಂಗಡಿಗೆ ಬಂದ ಬೋರ್ಡಿನ ಪ್ರತಿ ಭಾಗಕ್ಕೂ ಗಿರಾಕಿಯ ಎದುರೇ ಉಗುರುಬಣ್ಣದ ಚುಕ್ಕೆ ಇಡುತ್ತಾಳೆ. ನಾಳೆ ಯಾರೂ ಬೆರಳು ತೋರಿಸಬಾರದಲ್ಲ.

ಕರೆಂಟ್ ಅಳೆಯುವುದರಲ್ಲೂ ಅದೇ ಬುದ್ಧಿ. ಬೋರ್ಡಿನ ಹಸಿರು ಬಣ್ಣದ ಅಡಿಯಲ್ಲಿ ತಾಮ್ರದ ತೆಳ್ಳನೆ ಗೆರೆಗಳಿರುತ್ತವೆ, ಕರೆಂಟ್ ಓಡುವುದು ಅವುಗಳಲ್ಲಿ. ಒಂದು ಗೆರೆಯಲ್ಲಿ ಎಷ್ಟು ಓಡುತ್ತಿದೆ ಎಂದು ತಿಳಿಯಲು ಬೇರೆಯವರು ಗೆರೆಯನ್ನೇ ಕತ್ತರಿಸಿ ನಡುವೆ ಮೀಟರ್ ಸೇರಿಸುತ್ತಾರೆ, ಆಮೇಲೆ ಬೆಸುಗೆ ಹಾಕುತ್ತಾರೆ. ಇವಳು ಕತ್ತರಿ ಹಾಕುವುದಿಲ್ಲ. ಗೆರೆಯ ಎರಡು ತುದಿಗೆ ಮೀಟರಿನ ಮೊನೆ ಮುಟ್ಟಿಸುತ್ತಾಳೆ. ಕರೆಂಟ್ ತಾಮ್ರ ದಾಟುವಾಗ ಚೂರೇ ಚೂರು ವೋಲ್ಟೇಜ್ ಇಳಿಯುತ್ತದೆ, ಆ ಚೂರನ್ನು ನೋಡಿ ಎಷ್ಟು ಓಡುತ್ತಿದೆ ಎಂದು ಲೆಕ್ಕ ಹಾಕುತ್ತಾಳೆ. ಗದ್ದೆಯ ಅಂಚು ಒಡೆಯದೆ, ಎರಡು ಕಡೆಯ ನೀರಿನ ಮಟ್ಟ ನೋಡಿ ಹರಿವು ಹೇಳಿದ ಹಾಗೆ ಇದು.

ಹೋದ ಮಳೆಗಾಲದ ಕೊನೆಯಲ್ಲಿ ಹುಲಿಕಲ್ ಕಡೆಯ ಉಮಾಮಹೇಶ್ವರ ಭಟ್ಟರು ಬೇಲಿ ಮಷಿನ್ ಹೊತ್ತುಕೊಂಡು ಬಂದರು. ಕಾಡುಹಂದಿ ಬರದಂತೆ ನಾಲ್ಕಾರು ಮನೆಯವರು ಸೇರಿ ತಮ್ಮ ಗದ್ದೆ ಬಯಲಿಗೆ ಸೋಲಾರ್ ಬೇಲಿ ಹಾಕಿಸಿದ್ದರು. ಹಗಲು ಬಿಸಿಲಿಗೆ ಬ್ಯಾಟರಿ ತುಂಬಬೇಕು, ರಾತ್ರಿ ಮಷಿನ್ ಅದರಿಂದ ತಂತಿಗೆ ಶಾಕ್ ಬಿಡಬೇಕು. ಆದರೆ ಬ್ಯಾಟರಿ ಬೆಳಗಾಗುವ ಮೊದಲೇ ಖಾಲಿಯಾಗುತ್ತಿತ್ತು. ತೆನೆ ಬಂದ ಗದ್ದೆಯಲ್ಲಿ ಹಂದಿ ಹೊರಳಾಡಿ ಹೋಗಿತ್ತು.

"ಮಷಿನ್ ಕೆಟ್ಟಿದ್ಯೋ, ಕಾಯೋನು ಕೆಟ್ಟಿದಾನೋ, ನೀವೇ ನೋಡಿ ಹೇಳಿ ಶ್ಯಾಮಲಕ್ಕ," ಎಂದರು ಭಟ್ಟರು.

ಗದ್ದೆಯ ಗುಡಿಸಲಲ್ಲಿದ್ದು ಬೇಲಿ ಕಾಯುವವನು ಬಾಲು, ಶ್ಯಾಮಲಾಳ ಒಡಹುಟ್ಟಿದ ತಮ್ಮ. ಭಟ್ಟರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಇಲ್ಲಿಗೆ ತಂದಿದ್ದರು, ಇವಳು ಯಾರ ಪರ ನಿಲ್ಲುತ್ತಾಳೆ ನೋಡೋಣ ಎಂದು. ಆ ಗುಡಿಸಲಲ್ಲಿ ತುದಿಗೆ ಕ್ಲಿಪ್ ಇರುವ ವೈರು ಸಿಕ್ಕಿತ್ತಂತೆ, ಅವನ ಮೊಬೈಲ್ ಯಾವಾಗಲೂ ಫುಲ್ ಚಾರ್ಜ್ ಇರುತ್ತದಂತೆ. ಬ್ಯಾಟರಿಯಿಂದ ಕರೆಂಟ್ ಕದ್ದು ರಾತ್ರಿಯಿಡೀ ವಿಡಿಯೋ ನೋಡುತ್ತಾನೆ ಎಂಬುದು ಊರಿನ ತೀರ್ಮಾನ. ವೈರು ಹಳೇ ಟಾರ್ಚಿನದ್ದು, ಮೊಬೈಲ್ ಚಾರ್ಜ್ ಮಾಡುವುದು ಹುಲಿಕಲ್ಲಿನ ಹೋಟೆಲಿನಲ್ಲಿ ಎಂದು ಬಾಲು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಶ್ಯಾಮಲಾ ಮಷಿನ್ ಬಿಚ್ಚಿದಳು. ಬೋರ್ಡು ಕಪ್ಪಗಿತ್ತು. ನಮ್ಮ ಕಡೆಯಿಂದ ಬರುವ ಬೋರ್ಡುಗಳೆಲ್ಲ ಹಾಗೇ, ಹಲ್ಲಿ ಹಿಕ್ಕೆ, ಇರುವೆ ಗೂಡು, ಬೂಷ್ಟು ಎಲ್ಲ ಇರುತ್ತದೆ. ಹಾಗಾಗಿ ಬಂದದ್ದನ್ನು ಮೊದಲು ಬ್ರಷ್ಷಿನಿಂದ ಸ್ಪಿರಿಟ್ ಹಾಕಿ ತೊಳೆಯುವುದು ಅವಳ ಪದ್ಧತಿ. ಇದನ್ನೂ ತೊಳೆದಳು, ಒಣಗಿಸಿದಳು, ಚುಕ್ಕೆ ಇಟ್ಟಳು. ಆಮೇಲೆ ಒಂದೊಂದೇ ಗೆರೆ ಹಿಡಿದು ಅಳೆದಳು. ಎಲ್ಲೂ ಒಂದು ಹನಿ ಕರೆಂಟ್ ಸುಮ್ಮನೆ ಸೋರುತ್ತಿರಲಿಲ್ಲ. ಎರಡೂ ಮೀಟರ್ ಅದನ್ನೇ ಹೇಳಿದವು.

ಬಾಲು ಅವತ್ತು ಮಧ್ಯಾಹ್ನದ ಬಸ್ಸಿಗೆ ಬಂದ. ಅಂಗಡಿಯ ಮೆಟ್ಟಿಲ ಮೇಲೇ ನಿಂತು, "ನಾ ಕದ್ದಿಲ್ಲ ಕಣಕ್ಕ," ಎಂದ. ಇವಳು ತಲೆಯೆತ್ತದೆ, "ಮಷಿನ್ನಲ್ಲಿ ಏನೂ ಇಲ್ಲ ಬಾಲು," ಎಂದಳು. ಅವನು ಮೆಟ್ಟಿಲಿಳಿದು ಹೊರಟುಹೋದ. ಹಲಗೆಯ ಈಚೆ ನನಗೆ ಮೈಯೆಲ್ಲ ಉರಿಯಿತು. ನಿನ್ನ ತಮ್ಮನ ಕೈಗೊಂದು ಲೋಟ ನೀರಾದರೂ ಕೊಡಬಾರದಿತ್ತಾ ಎಂದು ಬೈದೆ. ತಮ್ಮ ಅಂತ ಬಿಟ್ಟರೆ ನಾಳೆ ನನ್ನ ಅಂಗಡಿಗೆ ಯಾರು ಬರುತ್ತಾರೆ ಎಂದಳು. ಭಟ್ಟರಿಗೂ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಬಾಲುವಿನ ಕೆಲಸ ಹೋಯಿತು. ಕಳ್ಳ ಎಂಬ ಹೆಸರು ಹೊತ್ತು ಹುಲಿಕಲ್ಲಿನಲ್ಲಿ ಇರಲಾಗದೆ ತೀರ್ಥಹಳ್ಳಿಗೆ ಹೋಗಿ ಲಾರಿಯೊಂದಕ್ಕೆ ಕ್ಲೀನರ್ ಆದ. ಅವನ ಜಾಗಕ್ಕೆ ಬೆಳ್ಳಪ್ಪ ಎಂಬ ಮುದುಕ ಬಂದ. ಆತನ ಹತ್ತಿರ ಮೊಬೈಲೇ ಇರಲಿಲ್ಲ. ಒಂದಷ್ಟು ದಿನ ಬೇಲಿ ಸರಿಯಾಗಿಯೇ ನಡೆಯಿತು. ನೋಡಿದ್ರಾ, ಕಳ್ಳ ಹೋದ, ಕರೆಂಟ್ ಉಳಿಯಿತು ಎಂದು ಊರವರೆಲ್ಲ ಆಡಿಕೊಂಡರು. ಶ್ಯಾಮಲಾಳೂ ಒಳಗೊಳಗೇ ಹಾಗೇ ಅಂದುಕೊಂಡಿದ್ದಳು ಎಂದು ನನಗೆ ಈಗಲೂ ಗುಮಾನಿ ಇದೆ.

ಆಮೇಲೆ ಒಂದು ಬೆಳಿಗ್ಗೆ ಭಟ್ಟರ ಫೋನ್ ಬಂತು. ಬ್ಯಾಟರಿ ಮತ್ತೆ ಖಾಲಿ, ಈ ಬೆಳ್ಳಪ್ಪನೂ ಅದೇ ಜಾತಿಯವನೋ ಏನೋ, ಮಷಿನ್ ಕಳಿಸುತ್ತೇನೆ ಎಂದರು. ಶ್ಯಾಮಲಾ ಕೂತಲ್ಲಿಂದ ಎದ್ದು ನಿಂತಳು. ಯಾರೂ ಮುಟ್ಟಬೇಡಿ, ಒರೆಸಬೇಡಿ, ನಾನೇ ಬರುತ್ತೇನೆ ಎಂದಳು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಬಸ್ ಹತ್ತಿದಳು.

ಭಟ್ಟರ ಜೊತೆ ಗದ್ದೆಗೆ ಹೋದೆವು. ಗುಡಿಸಲ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಮೂಲೆಯಲ್ಲಿ ಹಸಿ ಸೌದೆಯ ಒಲೆ ಹೊಗೆಯಾಡುತ್ತಿತ್ತು. ಒಲೆಯ ಮೇಲೆ ಬಿದಿರಿನ ಅಟ್ಟ. ಅಟ್ಟದ ಮೇಲೆ ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣ, ಬೀಜದ ಗಂಟು, ಅವುಗಳ ಪಕ್ಕದಲ್ಲಿ ಬೇಲಿ ಮಷಿನ್. ಮಳೆಗಾಲದಲ್ಲಿ ಥಂಡಿ ಹಿಡಿಯಬಾರದ ವಸ್ತುವನ್ನೆಲ್ಲ ನಮ್ಮವರು ಇಡುವುದು ಅಲ್ಲೇ. ಬಾಲು ಜೋಪಾನವಾಗಿರಲಿ ಎಂದು ಇಟ್ಟಿದ್ದ ಜಾಗದಲ್ಲೇ ಬೆಳ್ಳಪ್ಪನೂ ಜೋಪಾನವಾಗಿ ಇಟ್ಟಿದ್ದ.

ಅವಳು ಸೋಲಾರಿನ ವೈರು ಬಿಡಿಸಿದಳು, ಸ್ವಿಚ್ ಆಫ್ ಮಾಡಿದಳು, ಮುಚ್ಚಳ ತೆಗೆದಳು. ಬೋರ್ಡಿನ ತುಂಬ ಒದ್ದೆ ಮಸಿ. ಬ್ಯಾಟರಿಯಿಂದ ಹೊರಡುವ ದಪ್ಪ ಗೆರೆಯ ಎರಡು ತುದಿಗೆ ಮೊನೆ ಮುಟ್ಟಿಸಿ, ಅಂಕಿಯನ್ನು ಭಟ್ಟರ ಬಾಯಲ್ಲೇ ಓದಿಸಿದಳು. ಸ್ವಿಚ್ ಆಫ್ ಇದ್ದರೂ ಕರೆಂಟ್ ಓಡುತ್ತಿತ್ತು. ಎರಡನೇ ಮೀಟರಿನಲ್ಲೂ ಅಷ್ಟೇ ಬಂತು. ಹೊಗೆಯ ಮಸಿ ಥಂಡಿ ಹೀರಿಕೊಂಡು ಹಳ್ಳ ದಾಟಲು ಹಾಕುವ ಸಂಕದ ಹಾಗೆ ಒಂದು ಗೆರೆಯಿಂದ ಇನ್ನೊಂದಕ್ಕೆ ದಾರಿ ಮಾಡಿಬಿಟ್ಟಿತ್ತು. ಕರೆಂಟ್ ತಡೆಯಬೇಕಾದ ಭಾಗ ಮುಚ್ಚಿಕೊಳ್ಳಲಾಗದೆ ಹಗಲೂ ರಾತ್ರಿ ಸೋರುತ್ತಿತ್ತು. ಬ್ರಷ್ಷಿಗೆ ಸ್ಪಿರಿಟ್ ಹಾಕಿ ಅಷ್ಟು ಜಾಗ ಉಜ್ಜಿದಳು. ಅಂಕಿ ಸೊನ್ನೆಗೆ ಇಳಿಯಿತು.

ಶ್ಯಾಮಲಾ ಕೈಯಲ್ಲಿದ್ದ ಬ್ರಷ್ಷನ್ನೇ ನೋಡುತ್ತಿದ್ದಳು.

"ಅವತ್ತು ಅಳೆಯೋಕೆ ಮುಂಚೆ ನಾನೇ ತೊಳ್ದುಬಿಟ್ಟೆ," ಎಂದಳು. "ಕಳ್ಳನ್ನ ನಾನೇ ಒರೆಸಿ ಹಾಕಿ, ಅವ್ನನ್ನ ಕಳ್ಳ ಅಂದೆ."

ಭಟ್ಟರು ಒಳ್ಳೆಯವರೇ. ಬಾಲುವನ್ನು ವಾಪಸ್ ಕರೆಯಿರಿ, ತಪ್ಪಾಯಿತು ಎಂದು ನಾನೇ ಹೇಳುತ್ತೇನೆ ಎಂದರು. ಇವಳು ಅಲ್ಲಿಂದಲೇ ಫೋನ್ ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, ಇಲ್ಲೇ ಕೆಲಸ ಅಭ್ಯಾಸ ಆಗಿದೆ ಎಂದು ಹೇಳಿ ಇಟ್ಟುಬಿಟ್ಟನಂತೆ.

ಭೂಮಿ ಹುಣ್ಣಿಮೆಯ ಮರುದಿನ ಅವನ ಲಾರಿ ಹೊಸನಗರಕ್ಕೆ ಬಂದಿತ್ತು. ಬಾಲು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಅವಳು ಹಬ್ಬದ ಕಡುಬು ಕೊಟ್ಟಳು, ತಿಂದ. ಮಸಿಯ ವಿಷಯ ಮೊದಲಿಂದ ಹೇಳಿದಳು, ಸಿಟ್ಟಿಲ್ಲದೆ ಕೇಳಿದ, ಒಮ್ಮೆ ನಕ್ಕ ಕೂಡ. ಹಲಗೆಯ ಈಚೆ ಕೂತಿದ್ದ ನಾನು, ಸದ್ಯ, ಎಲ್ಲ ಸರಿಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಲಾರಿಯವನಿಗೆ ಫೋನ್ ಮಾಡಲು ಜೇಬಿನಿಂದ ಮೊಬೈಲ್ ತೆಗೆದ. ಅದು ಆಫ್ ಆಗಿತ್ತು.

ಅವಳು ಕೂಡಲೇ ಚಾರ್ಜರ್ ಹುಡುಕಿ ಪ್ಲಗ್ಗಿಗೆ ಹಾಕಿ ವೈರಿನ ತುದಿಯನ್ನು ಅವನತ್ತ ಚಾಚಿದಳು. ಬಾಲು ಆ ತುದಿಯನ್ನೇ ನೋಡಿದ. ಮೊಬೈಲನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಬ್ಯಾಡ ಬಿಡಕ್ಕ," ಎಂದ. "ಹೋಟ್ಲಲ್ಲಿ ಹಾಕ್ಕೊಳ್ತೀನಿ."

ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ಅವಳು ವೈರಿನ ತುದಿ ಹಿಡಿದುಕೊಂಡು ನಿಂತೇ ಇದ್ದಳು.