ಫ್ಲಾಸ್ಕಿನೊಳಗಿನ ಹಿಮ

ಪ್ರಥಮ್, ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಕೊಂಡುಹೋಗಿ ತೋರಿಸಿದ್ದು ಜೆಬೆಲ್ ಶಮ್ಸ್ ಬೆಟ್ಟದ ಹಿಮವಲ್ಲ. ಅದು ನಮ್ಮ ಫ್ರಿಜ್ಜಿನದು. ನಿನ್ನಜ್ಜಿ ನಾನೇ ಚಮಚದಲ್ಲಿ ಕೆರೆದು ತುಂಬಿಸಿದ್ದು. ನಾಲ್ಕು ವರ್ಷದಿಂದ ಹೇಳಬೇಕು ಹೇಳಬೇಕು ಎಂದುಕೊಂಡು — ಬಾಯಲ್ಲಿ ಬಾರದ್ದರಿಂದ ಬರೆಯುತ್ತಿದ್ದೇನೆ. ನಿನಗೂ ನಿನ್ನ ತಂಗಿ ತನ್ವಿಗೂ ಕನ್ನಡ ಓದಲು ಕಷ್ಟ. ನಿಮ್ಮಪ್ಪನೇ ಓದಿ ಹೇಳಬೇಕು. ಅವನಿಗೂ ಇದು ಗೊತ್ತಿಲ್ಲ. ಓದುವಾಗ ಅವನ ಮುಖ ಹೇಗಿರುತ್ತದೋ —

ಆ ಶುಕ್ರವಾರ, ಬೆಟ್ಟದಲ್ಲಿ ಹಿಮ ಬಿದ್ದಿದೆಯಂತೆ ಎಂದು ಮೊಬೈಲಿನಲ್ಲಿ ನೋಡಿ ನಿಮ್ಮಪ್ಪ ಎಲ್ಲರನ್ನೂ ಹೊರಡಿಸಿದ. ಗಲ್ಫಿನ ಸೆಕೆಗೆಂದು ಅಲ್ ಖುವೈರಿನ ನಮ್ಮ ಮನೆಯಲ್ಲಿ ಏಸಿ ಮೂರು ಇದ್ದವು, ಸ್ವೆಟರ್ ಒಂದೂ ಇರಲಿಲ್ಲ. ಉಡುಪಿ ಕಡೆಯ ಹಳ್ಳಿಯಲ್ಲಿ ಹುಟ್ಟಿದ ನನಗೆ ಚಳಿ ಎಂದರೆ ಮಳೆಗಾಲದ ಬೆಳಗ್ಗೆ ಹೊದಿಕೆ ಎಳೆದುಕೊಳ್ಳುವಷ್ಟು. ಇದ್ದದ್ದನ್ನೆಲ್ಲ ತೊಟ್ಟೆವು. ನಿಮ್ಮಮ್ಮ ಸ್ನಾನದ ಟವೆಲ್ ಹೊದ್ದಳು. ನಾನು ಸೀರೆಯ ಮೇಲೆ ನಿಮ್ಮಪ್ಪನ ಆಫೀಸಿನ ಕೋಟು, ಕೈಗೆ ಅವನ ಸಾಕ್ಸ್, ತಲೆಗೆ ನಿನ್ನ ಪೈಜಾಮ. ಅದರ ಕಾಲುಗಳೆರಡು ನನ್ನ ಕಿವಿಯ ಮೇಲೆ ಜೋಲುತ್ತಿದ್ದವು.

ಮೇಲೆ ಮುಟ್ಟಿದಾಗ ನಿಮ್ಮಪ್ಪ ಕಾರಿನ ಬಾಗಿಲು ತೆಗೆದು, “ಇಳಿ ಅಮ್ಮಾ, ಇಷ್ಟು ದೂರ ಬಂದು ಎಂಥ ಕೂತದ್ದು ನೀನು!” ಎಂದ. ಒಂದು ಕಾಲು ಇಳಿಸಿದೆ. ಹಾಗೆಯೇ ಒಳಗೆ ಎಳೆದುಕೊಂಡೆ. “ನೋಡಿ ಆಯ್ತು ಮಗಾ, ಚೆಂದ ಉಂಟು.”

ಆಮೇಲೆ ಕಾರಿನ ಬಿಸಿಗೆ ನಿದ್ದೆ ಹೋದೆ. ದಾರಿಗೆಂದು ನಾನು ಗಂಜಿ ತುಂಬಿಸಿ ತಂದಿದ್ದ ದೊಡ್ಡ ಫ್ಲಾಸ್ಕನ್ನು ನೀವೆಲ್ಲ ಕುಡಿದು ಖಾಲಿ ಮಾಡಿದ್ದೂ ಅದಕ್ಕೆ ನೀನು ಹಿಮ ತುಂಬಿದ್ದೂ ನನಗೆ ಕಾಣಲಿಲ್ಲ.

ಸಂಜೆ ಮನೆಗೆ ಬಂದ ಕೂಡಲೇ ಫ್ಲಾಸ್ಕ್ ಹಿಡಿದು ಅಡುಗೆಮನೆಗೆ ಹೋದೆ. ಅನ್ನದ ಪಾತ್ರೆಯನ್ನು ತೊಳೆಯದೆ ಇಡಬಾರದೆಂದು ನನ್ನ ಅಮ್ಮ ಕಲಿಸಿದ್ದು. ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ, ಗಟ್ಟಿ. ಅಯ್ಯೋ, ಚಳಿಗೆ ಗಂಜಿಯೂ ಕಲ್ಲಾಯಿತಲ್ಲ ಎಂದು ಬಿಸಿನೀರು ಹೊಯ್ದು, ಕುಲುಕಿ, ಚೆಲ್ಲಿದೆ. ಒಂದು ಅಗುಳೂ ಬೀಳಲಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ಸಾಬೂನು ಹಾಕಿ ತಿಕ್ಕುವಾಗ ಹಾಲ್‌ನಿಂದ ನಿನ್ನ ಸ್ವರ — “ಅಜ್ಜಿ, ಫ್ಲಾಸ್ಕಲ್ಲಿ ನನ್ನ ಸ್ನೋ ಉಂಟು! ನಾಡಿದ್ದು ಸ್ಕೂಲಿಗೆ. ಫ್ರೀಝರಲ್ಲಿ ಇಡಿ, ಪ್ಲೀಸ್!”

“ಇಟ್ಟೆ ಮಗಾ,” ಎಂದೆ.

ನಿಜ ಹೇಳಲು ಎರಡು ದಿನವಿತ್ತು. ಆ ಎರಡು ದಿನವೂ ನಾನು ಫ್ರೀಝರ್ ಕೆರೆದೆ — ಬಂಗುಡೆ ಮೀನಿನ ಪೊಟ್ಟಣದ ಪಕ್ಕದ ಗೋಡೆಯಿಂದಲೇ, ಅಲ್ಲಿ ಮಾತ್ರ ಒಳ್ಳೆಯ ಮಂಜು ಕಟ್ಟಿತ್ತು.

ಕ್ಲಾಸಿನವರೆಲ್ಲ ಮುತ್ತಿ ನೋಡಿದರಂತೆ. ಮೇಲಿನ ಮಹಡಿಯ ರಯಾನ್, ಪ್ರತಿ ಶುಕ್ರವಾರ ನಿನ್ನ ಜೊತೆ ಕೂತು ನನ್ನ ನೀರುದೋಸೆ ತಿನ್ನುತ್ತಿದ್ದವನು, ಮೂಗು ಹತ್ತಿರ ತಂದು ಮೀನಿನ ವಾಸನೆ ಎಂದನಂತೆ. ನೀನು ಅವನನ್ನು ದೂಡಿದೆ. ಸಂಜೆ ಇಬ್ಬರೂ ನ್ಯಾಯಕ್ಕೆ ನನ್ನಲ್ಲಿಗೇ ಬಂದಿರಿ.

“ಅಜ್ಜಿ, ನೀವೇ ಹೇಳಿ. ರಿಯಲ್ ಸ್ನೋ ಅಲ್ವಾ?”

“ಅಜ್ಜಿ, ನಮ್ಮ ಮನೆಯಲ್ಲಿ ದಿನಾ ಮೀನು. ನಂಗೆ ಗೊತ್ತಾಗ್ತದೆ. ಅದು ಬಂಗುಡೆಯೇ!” ಎಂದ ರಯಾನ್.

ನಗು ಬಂತು. ನಕ್ಕು ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: “ಬೆಟ್ಟದ್ದೇ ಹಿಮ. ರಯಾನ್, ಇಷ್ಟು ಹೊಟ್ಟೆಕಿಚ್ಚು ಒಳ್ಳೆಯದಲ್ಲ ಮಗಾ.”

ಅವನು ನನ್ನ ಮುಖವನ್ನೇ ನೋಡಿದ. “ಸಾರಿ ಅಜ್ಜಿ,” ಎಂದು ಮೆಟ್ಟಿಲು ಹತ್ತಿ ಹೋದ. ಮತ್ತೆ ದೋಸೆಗೆ ಬರಲಿಲ್ಲ. ನೀನೂ ಅವನನ್ನು ಕರೆಯಲಿಲ್ಲ. ಅಜ್ಜಿ ಹೇಳಿದ ಮೇಲೆ ಅವನೇ ಸುಳ್ಳುಗಾರ ತಾನೇ —

ಮೊನ್ನೆ ಲಿಫ್ಟಿನಲ್ಲಿ ಅವನ ತಾಯಿ ಸಿಕ್ಕಿದರು. “ಇಲ್ಲಿಯದು ಖಲಾಸ್ ಅಜ್ಜಿ, ಈ ತಿಂಗಳ ಕೊನೆಗೆ ಮಂಗಳೂರಿಗೆ ಹೊರಟೆವು,” ಎಂದರು.

ಕಾರಿನಲ್ಲೇ ಕೂತು ನಿದ್ದೆ ಹೋದದ್ದರಿಂದ ಹೀಗಾಯಿತೆಂದು ಚಳಿಯನ್ನು ದೂರುವುದಿಲ್ಲ. ಹೆದರಿದೆ ಎಂದರೂ — ಎಂಟು ವರ್ಷದ ಮೊಮ್ಮಗನಿಗೆ ಹೆದರಿ ಇನ್ನೊಂದು ಎಂಟು ವರ್ಷದ ಮಗುವನ್ನು ಸುಳ್ಳುಗಾರ ಮಾಡುವುದುಂಟೇ.

ನಾಳೆ ಸಂಜೆ ನಾನು ಅವರ ಮನೆಗೆ ಹೋಗುತ್ತೇನೆ. ನಿನಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಆದರೆ ಪಕ್ಕದಲ್ಲಿ ಬಂದು ನಿಲ್ಲು. ಈ ಊರಿನಲ್ಲಿ ಇದುವರೆಗೆ ಯಾರ ಮನೆಯ ಬೆಲ್ ಅನ್ನೂ ನಾನಾಗಿ ಒತ್ತಿದವಳಲ್ಲ. ಇದನ್ನು ಒತ್ತುತ್ತೇನೆ. ರಯಾನ್ ಬಾಗಿಲು ತೆಗೆದರೆ, ಅಂದು ಸಾರಿ ಹೇಳಬೇಕಾದವಳು ನಾನಾಗಿದ್ದೆ ಎಂದು, ನಿನಗೂ ಕೇಳುವ ಹಾಗೆ, ಹೇಳುತ್ತೇನೆ.