ಪುಟಕ್ಕೂ ಕೊಸರು

ತಿಪಟೂರಿನ ಕಾಲೇಜಿನಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ವಾರ್ಷಿಕ ಸಂಚಿಕೆಯ ಪುಟ ಜೋಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಆ ವಿದ್ಯೆ ಗೊತ್ತಿತ್ತು ಅಂತಲ್ಲ. ಶೆಟ್ಟಿಕೆರೆಯ ನಮ್ಮ ಮನೆಯ ಮುಂದೆ ನಾನು ಹಾಕುವ ರಂಗೋಲಿಯ ಗೆರೆ ನೆಟ್ಟಗಿರುತ್ತದೆ ಎಂದು ಜೊತೆಯಲ್ಲಿ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಕನ್ನಡ ಮೇಷ್ಟ್ರ ಕಿವಿಗೆ ಹಾಕಿದ್ದಳು. ಮೇಷ್ಟ್ರು ಮಂಗಳೂರು ಕಡೆಯವರು. "ರಂಗೋಲಿ ಹಾಕುವವಳಿಗೆ ಪುಟ ಹಾಕಲಿಕ್ಕೆ ಎಂಥ ಕಷ್ಟ ಮಾರಾಯ್ತಿ?" ಎನ್ನುತ್ತಾ ನನ್ನ ಮುಂದೆ ಬಿಳಿ ಹಾಳೆಗಳ ಕಟ್ಟು ಇಟ್ಟರು. ಹೊಗಳಿಕೆಗೆ ಉಬ್ಬುವುದು ನನ್ನ ಹುಟ್ಟುಗುಣ. ಒಪ್ಪಿಕೊಂಡುಬಿಟ್ಟೆ.

ಆಗ ಪ್ರೆಸ್ಸಿನಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸಿ ಅಚ್ಚು ಹಾಕುತ್ತಿದ್ದರು. ಅದಕ್ಕೂ ಮೊದಲು ಯಾವ ಪುಟದಲ್ಲಿ ಯಾವ ಬರಹ, ಎಲ್ಲಿ ಫೋಟೊ, ಎಲ್ಲಿ ಜಾಹೀರಾತು ಎಂದು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಡಬೇಕು. ಅದಕ್ಕೆ ಡಮ್ಮಿ ಎನ್ನುತ್ತಿದ್ದರು. ಡಮ್ಮಿಯನ್ನು ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಪ್ಪು ಹುಡುಕಬಹುದು. ಅಳಿಸಿ ಮತ್ತೆ ಬರೆಯುವವಳು ಮಾತ್ರ ನಾನೊಬ್ಬಳೇ. ಆ ಸಂಚಿಕೆ ಮುಗಿಯುವ ಹೊತ್ತಿಗೆ ನನ್ನ ರಬ್ಬರು ಸವೆದು ಹುರುಳಿಕಾಳಿನಷ್ಟಾಗಿತ್ತು.

ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಬೆಳದಿಂಗಳು ಮತ್ತು ವಿರಹ. ಪ್ರೀತಿಯ ಹೆಸರೆತ್ತಿದರೆ ಬೆವರುವ ಹುಡುಗರೆಲ್ಲ ವಿರಹ ಬರೆದಿದ್ದರು. ಅವುಗಳ ನಡುವೆ ನನ್ನ ಗೆಳತಿಯೊಬ್ಬಳ ಬರಹವಿತ್ತು. ಅವಳು ಹುಳಿಯಾರಿನ ಹತ್ತಿರದ ಒಂದು ಹಟ್ಟಿಯವಳು, ಕುರಿ ಸಾಕುವ ಮನೆಯವಳು. ತಿಪಟೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಬೇಸಿಗೆ ಬಂದರೆ ಅವಳ ಅವ್ವ ಮತ್ತು ಹಟ್ಟಿಯವರು ಕುರಿಗಳನ್ನು ಹೊಡೆದುಕೊಂಡು ನಮ್ಮ ಸೀಮೆಯ ತೆಂಗಿನ ತೋಟಗಳಿಗೆ ಬರುತ್ತಾರೆ. ರಾತ್ರಿ ತೋಟದೊಳಗೆ ಕುರಿಗಳನ್ನು ಕೂಡುತ್ತಾರೆ. ಹಿಕ್ಕೆಯೆಲ್ಲ ಮರದ ಬುಡಕ್ಕೆ ಗೊಬ್ಬರ. ಒಂದು ತೋಟ ಮುಗಿದರೆ ಮುಂದಿನ ತೋಟ, ಹೀಗೆ ಊರಿಂದೂರಿಗೆ ನಡಿಗೆ. ಆ ನಡಿಗೆಯನ್ನು ಅವಳು ಬರೆದಿದ್ದಳು. ನಮ್ಮ ಅಟ್ಟದ ಮೇಲಿನ ಕೊಬ್ಬರಿಯಲ್ಲಿ ಅವರ ಕುರಿಗಳ ಪಾಲೂ ಇದೆ ಎಂದು ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ. ಸಂಚಿಕೆಯ ನಟ್ಟನಡುವಿನ ಎದುರುಬದುರು ಎರಡು ಪುಟಗಳನ್ನು ಅದಕ್ಕೆ ಇಟ್ಟೆ. ಅವಳು ಭಾನುವಾರ ಊರಿಗೆ ಹೋದವಳು ಅವ್ವನಿಗೆ ಹೇಳಿದಳು. ಅವ್ವ ಹಟ್ಟಿಗೆಲ್ಲ ಹೇಳಿದರು. ಮುಂದಿನ ವಾರದೊಳಗೆ ಸುದ್ದಿ ಕೆಂಕೆರೆಯವರೆಗೂ ಹೋಗಿತ್ತು.

ಇನ್ನು ಜಾಹೀರಾತು. ಸಂಚಿಕೆಯ ಖರ್ಚು ನಡೆಯುತ್ತಿದ್ದುದೇ ಮಂಡಿ ಬೀದಿಯ ಕೊಬ್ಬರಿ ವರ್ತಕರಿಂದ. ಕಾಲು ಪುಟ, ಅರ್ಧ ಪುಟ, ಇಡೀ ಪುಟ ಎಂದು ಅವರು ಜಾಗ ಕೊಳ್ಳುತ್ತಿದ್ದರು. ನಮ್ಮಪ್ಪ ಮಂಡಿಗೆ ಕೊಬ್ಬರಿ ಹಾಕುವವರಾದ್ದರಿಂದ ಎಲ್ಲರೂ ನನಗೆ ಗೊತ್ತು. ಹೋದಲ್ಲೆಲ್ಲ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಪ್ರತಿಯೊಬ್ಬರೂ ಕೇಳಿದ್ದು ಒಂದೇ ಮಾತು: "ಕೊಸರು ಎಷ್ಟು ಹಾಕ್ತೀಯವ್ವ?"

ನಮ್ಮ ಕಡೆ ಕಾಯಿ ಎಣಿಸಿ ಕೊಡುವಾಗ ಲೆಕ್ಕ ಮುಗಿದ ಮೇಲೆ ಮೇಲಿಷ್ಟು ಕಾಯಿ ಹಾಕದೆ ಇರುವುದುಂಟೆ? ಲೆಕ್ಕದಷ್ಟೇ ಕೊಟ್ಟು ಕೈ ಝಾಡಿಸಿದರೆ ಅದು ವ್ಯಾಪಾರವಲ್ಲ, ಜಗಳ. ಕೊಸರಿಲ್ಲದ ಮಾರಾಟವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದ್ದರಿಂದ ಯೋಚಿಸುವ ಗೋಜಿಗೇ ಹೋಗದೆ ಎಲ್ಲರಿಗೂ ಎರಡೆರಡು ಬೆರಳಗಲ, ಜಗ್ಗಿ ಕೇಳಿದವರಿಗೆ ಇನ್ನೂ ಹೆಚ್ಚು ಜಾಗವನ್ನು ಕೊಸರಾಗಿ ಕೊಟ್ಟುಬಿಟ್ಟೆ. ಒಬ್ಬರು ಆ ಜಾಗದಲ್ಲಿ ಮಗನ ಹೆಸರು ಸೇರಿಸಿದರು. ಒಬ್ಬರು ತೆಂಗಿನಮರದ ಚಿತ್ರ ಕೇಳಿದರು. ಇನ್ನೊಬ್ಬರು "ನಮ್ಮಲ್ಲಿ ಹಿಂಡಿಯೂ ದೊರೆಯುತ್ತದೆ" ಎಂದು ಬರೆಸಿದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಕೈ ಬಿಗಿ ಹಿಡಿಲಿಲ್ವಲ್ಲ, ಬುಡು" ಎಂದು ಅವರಿಗೂ ಖುಷಿ.

ಹನಿಹನಿ ಕೂಡಿದರೆ ಹಳ್ಳ. ಡಮ್ಮಿಯಲ್ಲಿ ಜಾಹೀರಾತುಗಳನ್ನೆಲ್ಲ ಕೂರಿಸುತ್ತಾ ಬಂದಾಗ ಕೊಸರುಗಳೇ ಸೇರಿ ಎರಡು ಪುಟ ನುಂಗಿಹಾಕಿದ್ದವು. ಮೇಷ್ಟ್ರು ಹಾಳೆ ತಿರುವಿ ತಿರುವಿ ನೋಡಿದರು.

"ಇದೆಂಥದು, ಕಾಲು ಪುಟ ಎಂದು ಬರೆದದ್ದು ಕಾಲು ಪುಟಕ್ಕಿಂತ ದೊಡ್ಡದುಂಟಲ್ಲ?"

"ಅದು ಕೊಸರು ಸಾರ್."

"ಕೊಸರು ಅಂದರೆ ಎಂಥದು?"

ವಿವರಿಸಿದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಉಜ್ಜಿಕೊಂಡು, "ಪುಟಕ್ಕೂ ಕೊಸರಾ ಮಾರಾಯ್ತಿ!" ಎಂದರು. ನನಗೆ ಅವರ ಮೇಲೇ ಸಿಟ್ಟು ಬಂತು. ಕೊಸರು ಗೊತ್ತಿಲ್ಲದವರು ಅದು ಹೇಗೆ ಮೇಷ್ಟ್ರಾದರು?

ಪುಟ ಹೆಚ್ಚಿಸೋಣವೆಂದರೆ ಪ್ರೆಸ್ಸಿನವರು ಒಪ್ಪಲಿಲ್ಲ. ದೊಡ್ಡ ಹಾಳೆಯಲ್ಲಿ ಎಂಟು ಪುಟ ಒಟ್ಟಿಗೇ ಅಚ್ಚಾಗುತ್ತದೆ, ಹೆಚ್ಚಿಸಿದರೆ ಎಂಟನ್ನೂ ಹೆಚ್ಚಿಸಬೇಕು, ಅದಕ್ಕೆ ಕಾಗದವಿಲ್ಲ. ಅಂದಮೇಲೆ ಯಾವುದೋ ಬರಹ ಹೊರಗೆ ಹೋಗಬೇಕು. ಡಮ್ಮಿ ತಿದ್ದುವ ಪರ್ವ ಅಲ್ಲಿಂದ ಶುರುವಾಯಿತು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯ ಫೋಟೊ ಸ್ವಲ್ಪ ಚಿಕ್ಕದು ಮಾಡಿದೆ. "ಏನ್ರೀ ಇದು, ನನ್ ಮುಖ ಅಂಚೆಚೀಟಿ ಥರ ಕಾಣ್ತದೆ" ಎಂದು ಅವನು ಮುನಿಸಿಕೊಂಡ. ದೊಡ್ಡದು ಮಾಡಿದೆ. ವಿರಹದ ಕವಿತೆಗಳನ್ನು ಒಂದೇ ಪುಟಕ್ಕೆ ತುರುಕಿದೆ. ಕವಿಗಳು ದಂಡು ಕಟ್ಟಿಕೊಂಡು ಬಂದರು. ಬಿಡಿಸಿದೆ. ಪ್ರಿನ್ಸಿಪಾಲರು ತಮ್ಮ ಸಂದೇಶ ಚಿಕ್ಕದಾದರೂ ಚಿಂತೆಯಿಲ್ಲ ಎಂದರು, ಆದರೆ ಸುತ್ತ ಹೂವಿನ ಅಂಚು ಇರಲಿ ಎಂದರು. ಹೂವಿನ ಅಂಚು ಹಾಕಿದರೆ ಸಂದೇಶ ಮೊದಲಿಗಿಂತ ದೊಡ್ಡದಾಯಿತು. ಮೂಗಿಗಿಂತ ಮೂಗುತಿ ಭಾರ.

ಕೊನೆಗೆ ಎಲ್ಲರ ಕಣ್ಣೂ ಹೋಗಿ ನಿಂತದ್ದು ನಡುವಿನ ಎರಡು ಪುಟಗಳ ಮೇಲೆ. "ಕುರಿ ವಿಷಯ ಯಾರು ಓದ್ತಾರ್ರೀ?" ಎಂದ ಕಾರ್ಯದರ್ಶಿ. ಮೇಷ್ಟ್ರು ಅವನನ್ನು ಗದರಿಸಿದರು, ಆದರೆ ಅವರಿಗೂ ಬೇರೆ ದಾರಿ ಕಾಣಲಿಲ್ಲ. "ಒಳ್ಳೆಯ ಬರಹ. ಮುಂದಿನ ವರ್ಷ ಮೊದಲ ಪುಟದಲ್ಲೇ ಹಾಕುವ" ಎಂದರು.

ಮುಂದಿನ ವರ್ಷ ಅವಳೆಲ್ಲಿ? ಪರೀಕ್ಷೆ ಮುಗಿದರೆ ಹಾಸ್ಟೆಲಿನ ಟ್ರಂಕು ಎತ್ತಿಕೊಂಡು ಹಟ್ಟಿಗೆ ಹೋಗುವವಳು. ಅವಳ ಬರಹಕ್ಕೆ ಇದೊಂದೇ ಸಂಚಿಕೆ ಇದ್ದದ್ದು. ನಾನು ಹೇಳಿದಾಗ ಅವಳು ನಗಾಡಿದಳು. "ಬುಡೇ, ಕತ್ತರಿಸಾಕು. ಕುರಿ ತುಪ್ಪಟ ಅಲ್ವಾ, ಇನ್ನೊಂದ್ಸಲ ಬೆಳೀತದೆ." ಆಮೇಲೆ, "ಅವ್ವಂಗೆ ಏನಂತ ಹೇಳ್ಲಿ ಕಣೇ?" ಎಂದಳು. ಊರಿಗೆಲ್ಲ ಧಾರಾಳಿಯಾಗಿ ನಾನು ಹಂಚಿದ್ದು ಅವಳ ಜಾಗವನ್ನು.

ಕೊಸರು ವಾಪಸ್ ಕೇಳುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಊಟಕ್ಕೆ ಕೂತಿದ್ದ ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ಕೊಟ್ಟ ಕೊಸರ ಯಾರಾನಾ ವಾಪಸ್ ಕೇಳ್ತಾರೇನೇ? ನಾಳೆ ನಾನು ಮಂಡಿಗೆ ಮುಖ ಎತ್ಕೊಂಡು ಹೋಗೋದು ಬ್ಯಾಡ್ವಾ?"

"ನೀವು ಹೋಗ್ಬೇಡಿ ಅಪ್ಪ, ನಾನು ಹೋಗ್ತೀನಿ" ಎಂದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಡಮ್ಮಿಯನ್ನು ಸುರುಳಿ ಸುತ್ತಿಕೊಂಡು, ಗೆಳತಿಯ ಕೈ ಹಿಡಿದೆಳೆದುಕೊಂಡು ಮಂಡಿ ಬೀದಿಗೆ ಹೋದೆ. ಮೊದಲನೆಯ ಅಂಗಡಿಯವರು ಕೇಳಿಸಿದರೂ ಕೇಳಿಸದವರ ಹಾಗೆ ಕೊಬ್ಬರಿ ತಟ್ಟಿ ನೋಡುತ್ತಾ ಕೂತರು. ಎರಡನೆಯವರು ಕಾಫಿ ತರಿಸಿಕೊಟ್ಟು ಮಾತು ತೇಲಿಸಿದರು. ಹಿಂಡಿಯವರಂತೂ, "ಅದೊಂದು ಸಾಲ್ನಿಂದ ನಿಮ್ ಪುಸ್ತಕಕ್ಕೆ ತೂಕ ಬಂದೈತೆ ಕಣವ್ವ" ಎಂದರು. ಎಲ್ಲರೂ ಬೀದಿಯ ತುದಿಯ ಕಡೆ ಬೆರಳು ತೋರಿಸಿದರು. "ಸಾವ್ಕಾರ್ರು ಬಿಟ್ರೆ ನಾವೂ ಬಿಡ್ತೀವಿ." ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ತುದಿಯ ಮಂಡಿಯ ಸಾಹುಕಾರರು ಬೀದಿಗೇ ಹಿರಿಯರು. ಇಡೀ ಪುಟ ಕೊಂಡವರು, ಕೊಸರನ್ನೂ ಪಕ್ಕದ ಪುಟಕ್ಕೆ ಹರಿಯುವಷ್ಟು, ಎಲ್ಲರಿಗಿಂತ ಹೆಚ್ಚು ಎಳೆದವರು. ಕೊಬ್ಬರಿ ರಾಶಿಯ ಪಕ್ಕ ವಿಭೂತಿ ಹಚ್ಚಿಕೊಂಡು ಗದ್ದಿಗೆಯ ಮೇಲೆ ಕೂತಿದ್ದರು. ನಾನು ಡಮ್ಮಿ ಬಿಡಿಸಿ, ಯಾವ ಜಾಗ ಯಾವುದಕ್ಕೆ ಬೇಕು ಎಂದು ತೋರಿಸಿದೆ.

"ಬಂದ ಕೊಸರ ತಿರುಗ ಕೊಡೋದು ನಮ್ ವಂಶದಲ್ಲೇ ಇಲ್ಲ ಕಣವ್ವ" ಎಂದರು. ಆಮೇಲೆ ಗೆಳತಿಯ ಕಡೆ ನೋಡಿದರು. "ಏನು ಬರ್ದಿದೀಯ ಮಗಾ? ಓದು, ಕೇಳಾಣ."

ಅವಳು ಓದಿದಳು. ತೋಟದ ಬೇಲಿ ದಾಟುವ ಮುಂಚೆ ಮುಂದಾಳು ಕುರಿ ನಿಂತು ಹಿಂದಕ್ಕೆ ನೋಡುವುದನ್ನು ಓದುವ ಹೊತ್ತಿಗೆ ಮೂಟೆ ಹೊಲಿಯುತ್ತಿದ್ದವರು ದಬ್ಬಳ ನಿಲ್ಲಿಸಿ ಕೇಳುತ್ತಿದ್ದರು. ತೋಟದ ಯಜಮಾನರು ಬೆಳಿಗ್ಗೆ ಬಂದು ಹಿಕ್ಕೆಯನ್ನು ಕಾಲಲ್ಲಿ ಹರಡಿ ನೋಡಿ, "ಈ ಸಲ ಕಮ್ಮಿ ಕಣ್ರಪ್ಪಾ" ಎಂದು ರಾಗ ಎಳೆಯುವ ಕಡೆ ಸಾಹುಕಾರರು ಗಟ್ಟಿಯಾಗಿ ನಕ್ಕುಬಿಟ್ಟರು. ಅವರ ತೋಟಕ್ಕೂ ಪ್ರತಿ ವರ್ಷ ಮಂದೆ ಬರುತ್ತಿತ್ತು. "ನಾನೂ ಹಂಗೇ ಅಂತೀನಿ ಕಣ್ರೋ" ಎಂದು ಆಳುಗಳಿಗೆ ಹೇಳಿದರು.

ಓದಿ ಮುಗಿಸಿದಳು. ಸಾಹುಕಾರರು ಡಮ್ಮಿಯನ್ನು ಹತ್ತಿರ ಎಳೆದುಕೊಂಡರು. "ನೀನು ಕೊಟ್ಟಿದ್ದು ತಿರುಗ ಕೊಡಕ್ಕಾಗಲ್ಲ. ಆದ್ರೆ ಈ ಪುಟ ನಂದು ತಾನೆ? ನನ್ನ ಪುಟದಲ್ಲಿ ನಾನು ಈ ಹುಡುಗಿಗೆ ಕೊಸರು ಹಾಕ್ಬೌದಲ್ಲ?" ಎಂದು ಪೆನ್ಸಿಲು ಕೇಳಿ, ತಮ್ಮ ಜಾಹೀರಾತಿನ ಅರ್ಧಕ್ಕೆ ಒಂದು ಗೆರೆ ಎಳೆದರು. ಗೆರೆ ಸೊಟ್ಟಗಿತ್ತು. ಅಷ್ಟು ಚೆಂದದ ಗೆರೆಯನ್ನು ನಾನು ಕಂಡಿಲ್ಲ.

ನಾವು ಎದ್ದಾಗ ಅವರು ಅವಳನ್ನು ಕೇಳಿದರು: "ಎಲ್ಲ ಸರಿ ಕಣವ್ವ. 'ನಮ್ಮವ್ವ ಸುಸ್ತು ಅನ್ನೋದನ್ನೇ ಕಂಡವಳಲ್ಲ' ಅಂತ ಬರ್ದಿದೀಯಲ್ಲ, ಕೇಳಿದ್ಯಾ ಅವರನ್ನ?" ಅವಳು ಹಾಳೆಗಳನ್ನು ಮಡಿಸಿಕೊಂಡು ಹೊರಗೆ ನಡೆದಳು.

ಬೀದಿಯಲ್ಲಿ ಸುದ್ದಿ ನಮಗಿಂತ ಮುಂದೆ ಓಡಿತ್ತು. ವಾಪಸ್ ಬರುವಾಗ ಒಬ್ಬೊಬ್ಬರೂ ಕರೆದು ಕರೆದು ಕೊಸರು ಹಾಕಿದರು. ಸಾವ್ಕಾರ್ರಿಗಿಂತ ನಾವೇನು ಕಮ್ಮಿ ಎಂಬ ಜಿದ್ದು. ಹಿಂಡಿಯವರು ಹಿಂಡಿ ಬಿಟ್ಟರು. ಮಗನ ಹೆಸರು ಸೇರಿಸಿದ್ದವರು ಮಗನನ್ನೂ ಬಿಟ್ಟು, ತಮ್ಮ ಹೆಸರನ್ನೂ ಚಿಕ್ಕದಾಗಿ ಹಾಕು ಎಂದರು. ಅವರ ಜಾಹೀರಾತು ಬೆಂಕಿಪೊಟ್ಟಣದಷ್ಟಾಗುವ ಹೊತ್ತಿಗೆ ನಾನೇ ಕೈ ಮುಗಿದು ಸಾಕು ಎನ್ನಬೇಕಾಯಿತು. ಸಂಜೆ ಮೇಷ್ಟ್ರಿಗೆ ಹೊಸ ಡಮ್ಮಿ ತೋರಿಸಿದೆ. ಎರಡು ಪುಟ ವಾಪಸ್ ಬಂದಿದ್ದವು, ಮೇಲೊಂದಿಷ್ಟು ಜಾಗವೂ ಮಿಕ್ಕಿತ್ತು. "ನಿಮ್ಮ ಊರಿನ ಲೆಕ್ಕ ನನಗೆ ಈ ಜನ್ಮದಲ್ಲಿ ಅರ್ಥವಾಗುವುದಿಲ್ಲ" ಎಂದು ಅವರು ಕೈಚೆಲ್ಲಿದರು. ಮಿಕ್ಕ ಜಾಗಕ್ಕೆ ಇನ್ನೊಂದು ವಿರಹ ಹಾಕಿದೆವು.

ಗೆಳತಿ ಮಾತ್ರ ಮಂಡಿಯಿಂದ ಬಂದ ಮೇಲೆ ಒಂಥರಾ ಇದ್ದಳು. ಕರೆದರೆ ಓಗೊಡುತ್ತಿದ್ದಳು, ಅಷ್ಟೆ. ಪ್ರೂಫ್ ಬಂದ ದಿನ ಇಬ್ಬರೂ ಪ್ರೆಸ್ಸಿಗೆ ಹೋದೆವು. ತನ್ನ ಬರಹ ಅಚ್ಚಿನಲ್ಲಿ ಕಂಡರೆ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೇಲಿನಿಂದ ಕೆಳಗೆ ಓದಿ, ಅವ್ವನ ಸುಸ್ತಿನ ಸಾಲನ್ನು ಹೊಡೆದುಹಾಕಿದಳು.

"ಜೋಡಿಸಿ ಆಗಿದೆ ಕಣಮ್ಮ! ಈಗ ಕಿತ್ರೆ ಕೆಳಗಿಂದೆಲ್ಲ ಸರೀತದೆ" ಎಂದು ಮೊಳೆ ಜೋಡಿಸುವವರು ಕೂಗಾಡಿದರು. ಇಷ್ಟೆಲ್ಲ ಒದ್ದಾಡಿ ಜಾಗ ತಂದವಳು ನಾನು, ನನಗೂ ರೇಗಿತು. "ಏನೇ ನಿಂದು?" ಎಂದೆ.

"ಸುಳ್ಳು ಕಣೇ ಅದು" ಎಂದಳು. "ಅವ್ವ ಯಾವತ್ತೂ ಹೇಳಿಲ್ಲ. ನಾನೂ ಯಾವತ್ತೂ ಕೇಳಿಲ್ಲ."

ಹೊಡೆದ ಸಾಲಿನ ಮೇಲೆ ಬೇರೆ ಬರೆದಳು: "ನಮ್ಮವ್ವನಿಗೂ ಸುಸ್ತಾಗುತ್ತದೆ." ಸಾಲು ಚಿಕ್ಕದಾಯಿತು. ಪಕ್ಕದಲ್ಲಿ ಉಳಿದ ಜಾಗಕ್ಕೆ ಹೂವಿನ ಮೊಳೆ ಕೂರಿಸಲೇ ಎಂದು ಮೊಳೆ ಜೋಡಿಸುವವರು ಗೊಣಗುತ್ತಾ ಕೇಳಿದರು. ನಾನು ಬೇಡ ಎಂದೆ.

ಸಂಚಿಕೆ ಕೈಗೆ ಬಂದ ವಾರ ಅವಳ ಜೊತೆ ನಾನೂ ಹಟ್ಟಿಗೆ ಹೋದೆ. ಅಂಗಳದ ತುಂಬ ಜನ, ನಡುವೆ ಗೆಳತಿ ಸಂಚಿಕೆ ಬಿಡಿಸಿ ಓದಲು ಕೂತಳು. ಅವಳ ಅವ್ವ ಮಾತ್ರ ಕೂರಲಿಲ್ಲ. ಗುಡಿಸಲ ಕಂಬದ ಹತ್ತಿರ ನಿಂತು ಉಣ್ಣೆ ನೂಲುತ್ತಲೇ ಕೇಳುತ್ತಿದ್ದರು. ಮುಂದಾಳು ಕುರಿಗೆ ನಕ್ಕರು, ಹಿಕ್ಕೆ ಅಳೆಯುವ ಯಜಮಾನರಿಗೆ ಇನ್ನೂ ಜೋರಾಗಿ ನಕ್ಕರು, ತಾವೇ ಒಂದೆರಡು ಬೈಗುಳ ಸೇರಿಸಿದರು. ಹಟ್ಟಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಗೆಳತಿ ಆ ಚಿಕ್ಕ ಸಾಲು ಓದಿದಳು.

ಅವರ ಕೈ ನಿಂತಿತು. "ಇದನ್ನ ಯಾರು ಹೇಳಿದ್ರು ನಿಂಗೆ?" ಎಂದರು.

ಗೆಳತಿ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡಳು. ಅವ್ವ ಉಣ್ಣೆಯನ್ನು ಪಕ್ಕಕ್ಕಿಟ್ಟು, ಬಂದು ಮಗಳ ಪಕ್ಕದಲ್ಲಿ ಕಾಲು ಚಾಚಿ ಕೂತರು.

"ಇನ್ನೊಂದ್ ಕಿತ ಓದು" ಎಂದರು.